ಕವಿಶೈಲ ಅಷ್ಟು ಚಿಕ್ಕದೇ?

ಪ್ರಶ್ನೆ: ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಕುಪ್ಪಳಿಗೆ ಹೋಗಿದ್ದೆವು. ಕುವೆಂಪು ಅವರ ಮನೆ ಬಹಳ ಹಿಡಿಸಿತು. ಆದರೆ ಕವಿಶೈಲ ನೋಡಿ ನಿರಾಸೆಯಾಯಿತು. ಸ್ವಲ್ಪ ಹೊತ್ತಿನಲ್ಲೇ ಹತ್ತಿ ಮುಗಿಯಿತು! ಕುವೆಂಪು ಕವನಗಳ ಮಲೆನಾಡು ಇದೇನಾ? ಕವಿಗಳು ಇದ್ದದ್ದನ್ನು ಹಿಗ್ಗಿಸಿ ಬರೆಯುತ್ತಾರೆಯೆ?
— ಗದಗಿನ ಒಬ್ಬ ಓದುಗರು

ಉತ್ತರ: ಈ ನಿರಾಸೆ ಮೊದಲ ಸಲ ನನಗೂ ಆಗಿತ್ತು. ಅದು ಮನೆಯ ಹಿಂದಿನ ಗುಡ್ಡ, ಅಷ್ಟೇ. ಆ ಸೀಮೆಯಲ್ಲಿ ಇಂಥ ಗುಡ್ಡವೆಂದರೆ ಸೊಪ್ಪು, ಸೌದೆ, ದರಗು ತರುವ ಜಾಗ. ‘ಶೈಲ’ ಎಂಬ ದೊಡ್ಡ ಮಾತು ಕವಿಯದು. ಬಂಡೆಯ ಮೇಲೆ ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯನವರ ಸಹಿ ಕೊರೆದದ್ದು ನೋಡಿರಬಹುದು. ತಮ್ಮ ಈ ಗುರುಗಳನ್ನು ಕರೆತಂದು ಕೂರಿಸಿ ತೋರಿಸುವಷ್ಟು ಅಭಿಮಾನ ಆ ಕಲ್ಲಿನ ಮೇಲೆ. ನೀವು ಗುಡ್ಡವನ್ನು ನೋಡಿದಿರಿ. ಕುವೆಂಪು ಅದರ ಮೇಲೆ ಕೂತು ಪಡುವಣಕ್ಕೆ ಮುಖ ಮಾಡಿ ಸಹ್ಯಾದ್ರಿಯ ಸಾಲುಗಳನ್ನು ನೋಡಿದರು.

ಆದರೂ ಹಿಗ್ಗಿದ್ದುಂಟು. ಅದಕ್ಕೆ ಕಾರಣ ಮೈಸೂರು. ಓದಲು ಹೋದವರು ಅಲ್ಲೇ ನೆಲೆನಿಂತರು. 1930ರಲ್ಲಿ ‘ಕೊಳಲು’ ಕವನ ಸಂಕಲನ ಬರುವಾಗ ಅವರ ವಾಸ ಅಲ್ಲಿನ ರಾಮಕೃಷ್ಣಾಶ್ರಮದಲ್ಲಿ. ಊರು ರಜೆಗೆ ಮಾತ್ರ. ಬಿಟ್ಟುಬಂದ ಊರು ನೆನಪಿನಲ್ಲಿ ಬೆಳೆಯುತ್ತದೆಂಬುದು ತವರಿನ ಮಾತು ತೆಗೆದ ಯಾವ ಹೆಣ್ಣುಮಗಳನ್ನು ಕೇಳಿದರೂ ತಿಳಿಯುತ್ತದೆ.

ಇದರ ಸೊಗಸು ನೋಡಬೇಕಾದರೆ ‘ಶ್ರೀ ರಾಮಾಯಣ ದರ್ಶನಂ’ ತೆಗೆಯಿರಿ. ಸೀತೆಯನ್ನು ಕಳೆದುಕೊಂಡ ರಾಮ ಮಳೆಗಾಲ ಕಳೆಯಲೆಂದು ಮಾಲ್ಯವಂತದಲ್ಲಿ ಕಾಯುತ್ತಾನೆ. ಕಿಷ್ಕಿಂಧೆ ಎಂದರೆ ಹಂಪಿ–ಆನೆಗೊಂದಿ ಎಂಬುದು ನಮ್ಮ ಜನರ ನಂಬಿಕೆ. ಮಾಲ್ಯವಂತ ರಘುನಾಥನ ಗುಡಿ ಇರುವುದೂ ಹಂಪಿಯಲ್ಲೇ. ಅದು ಬಿಸಿಲಿಗೆ ಕಾದ ಬಂಡೆಗಳ ನಾಡು, ನಿಮ್ಮ ಗದಗಿನಿಂದ ಹೆಚ್ಚು ದೂರವೇನಲ್ಲ. ಕಾವ್ಯದಲ್ಲಿ ಸುರಿಯುವುದು ಮಾತ್ರ ತೀರ್ಥಹಳ್ಳಿಯ ಮಳೆ. ಆ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಹಂಪಿಯ ಕಡೆ ಅದರ ಹತ್ತನೇ ಒಂದು ಪಾಲು ಬಿದ್ದರೆ ಪುಣ್ಯ. ಭೂಗೋಳದ ಮೇಷ್ಟರು ಇದನ್ನು ತಪ್ಪೆಂದಾರು. ಆದರೆ ಹಗಲೇ ಕತ್ತಲಾಗುವ, ಹೊರಗೆ ಕಾಲಿಡಲಾಗದ ತಿಂಗಳುಗಳಲ್ಲಿ ಕಾಯುವ ಕಷ್ಟ ಎಂಥದೆಂದು ಮಲೆನಾಡಿನ ಮಗನಿಗೆ ಗೊತ್ತಿತ್ತು. ರಾಮನಿಗೆ ಆ ಮಳೆಯನ್ನೇ ಕೊಟ್ಟರು.

ಹಕ್ಕಿಗಳ ವಿಷಯವೂ ಹೀಗೆಯೇ. ನಮ್ಮ ಹಳೆಯ ಕಾವ್ಯದ ತುಂಬ ಹಂಸ, ಚಕೋರ. ಕುಪ್ಪಳಿಯ ಕಾಡಿನಲ್ಲಿ ಬೆಳದಿಂಗಳು ಕುಡಿಯುವ ಹಕ್ಕಿ ಯಾರಿಗೆ ಕಂಡೀತು? ಕುವೆಂಪು ಕಾಜಾಣವನ್ನು, ಪಿಕಳಾರವನ್ನು, ಮಡಿವಾಳ ಹಕ್ಕಿಯನ್ನು ಕನ್ನಡಕ್ಕೆ ತಂದರು. ‘ಪಕ್ಷಿಕಾಶಿ’ ಎಂದು ಒಂದು ಸಂಕಲನಕ್ಕೇ ಹೆಸರಿಟ್ಟರು. ನವಿಲುಕಲ್ಲು, ಸಿಬ್ಬಲುಗುಡ್ಡೆಯಂಥ ಹೆಸರುಗಳು ಆ ಜಾಗಗಳನ್ನು ಕಂಡಿರದವರ ಬಾಯಿಗೂ ಬಂದದ್ದು ಅವರಿಂದಲೇ.

ಆದರೆ ಒಂದು ಮಾತು. ಮಲೆನಾಡೆಂದರೆ ಸೂರ್ಯೋದಯ, ಹಸುರು, ಹಕ್ಕಿ ಎಂದು ಕವನಗಳಿಂದಷ್ಟೇ ಕಲಿತವರಿಗೆ ಅರ್ಧ ಮಲೆನಾಡು ಸಿಕ್ಕಿದೆ. ಉಳಿದರ್ಧ ಕಾದಂಬರಿಗಳಲ್ಲಿದೆ. ‘ಮಲೆಗಳಲ್ಲಿ ಮದುಮಗಳು’ 1967ರದು, ಕವಿಗೆ ಅರವತ್ತು ದಾಟಿತ್ತು. ಅಲ್ಲಿ ಕಾಡು ಹಾಯುವವನು ನಾಯಿಗುತ್ತಿ, ಜೀತದಾಳು. ಜೊತೆಗೆ ಅವನ ನಾಯಿ ಹುಲಿಯ. ಅವನಿಗೆ ಗುಡ್ಡವೆಂದರೆ ಏರು, ಹಳ್ಳವೆಂದರೆ ದಾಟುವ ಕಷ್ಟ, ಮಳೆ ಎಂದರೆ ಕಂಬಳಿ ತೊಯ್ಯುವುದು. ಕವಿಶೈಲದ ಮೇಲೆ ಕೂತು ಸಂಜೆ ನೋಡುವ ಬಿಡುವು ಅವನಿಗೆಲ್ಲಿ? ಎರಡೂ ಒಂದೇ ಕೈಯ ಬರಹ. ಈ ವಯಸ್ಸಿನಲ್ಲಿ ನನಗೆ ಗುತ್ತಿಯ ಮಲೆನಾಡೇ ಹೆಚ್ಚು ನಿಜ ಅನಿಸುತ್ತದೆ. ಇಪ್ಪತ್ತರ ಹರೆಯದಲ್ಲಿ ಕೇಳಿದ್ದರೆ ಬೇರೆ ಹೇಳುತ್ತಿದ್ದೆನೇನೊ.

ಇನ್ನೊಮ್ಮೆ ಹೋಗುವುದಾದರೆ ಬೇಸಿಗೆ ರಜೆ ಬೇಡ. ಆರಿದ್ರಾ ಮಳೆ ಹಿಡಿದಾಗ ಹೋಗಿ, ಗುಡ್ಡ ಹತ್ತಿ. ಜೇಬಿನಲ್ಲಿ ಸ್ವಲ್ಪ ಸುಣ್ಣ, ಹೊಗೆಸೊಪ್ಪು ಇರಲಿ; ರಕ್ತ ಹೀರುವ ಉಂಬಳ ಕವನಗಳಲ್ಲಿ ಅಷ್ಟಾಗಿ ಸಿಗುವುದಿಲ್ಲ, ದಾರಿಯಲ್ಲಿ ಧಾರಾಳವಾಗಿ ಸಿಗುತ್ತದೆ.