ವಾಡೆ ಮಾರುವಾಗ

ನಮ್ಮ ಗೊಬ್ಬೂರ ಕಡೆಯ ಹಳೇ ವಾಡೆಗಳನ್ನು ನೀವು ನೋಡಿದ್ದೀರಿ. ದಪ್ಪ ಗೋಡೆ. ದೊಡ್ಡ ಪಡಸಾಲೆ. ನೆಲಕ್ಕೆ ಶಹಾಬಾದ ಫರಸಿ. ಅಂಥ ಒಂದು ಮನೆ ಇದೆ ಅನ್ನೋಣ. ಅಜ್ಜನ ಕಾಲದ್ದು. ಅಣ್ಣ ಮುಂದಿನ ಅರ್ಧ ಕೆಡವಿ ಸ್ಲ್ಯಾಬ್ ಹಾಕಿಸಿದ. ಹಿಂದಿನ ಅರ್ಧ ಮಳೆಗೆ ಸೋರುತ್ತದೆ. ಇಷ್ಟು ದೊಡ್ಡ ಮನೆಗೆ ಗಿರಾಕಿ ಸಿಗೋದು ಕಷ್ಟ. ಕಡೆಗೆ ಒಬ್ಬ ಸಿಕ್ಕ.

ಅಣ್ಣ ಹೇಳಿ ಕಳಿಸಿದ: "ತಂಗೆವ್ವಾ, ಬಂದು ಒಂದು ಸಹಿ ಮಾಡಿ ಹೋಗು."

ತಂಗಿಯ ಸಹಿ ಯಾಕೆ ಬೇಕು? ಆಕೆಗೂ ಪಾಲು ಇದೆ, ಅದಕ್ಕೇ ಬೇಕು. 2005ರ ಕಾನೂನಿನಂತೆ ಹಿಂದೂ ಮನೆತನದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ಲಗ್ನ ಆದರೂ ಅದು ಹೋಗುವುದಿಲ್ಲ. ಆ ಕಾನೂನು ಬರುವ ಮೊದಲೇ ತಂದೆ ತೀರಿದ್ದರೂ ಹೋಗುವುದಿಲ್ಲ. ಸುಪ್ರೀಂ ಕೋರ್ಟು 2020ರಲ್ಲಿ ಹೀಗೆ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಪಾಲಾಗಿ ನೋಂದಣಿ ಆಗಿದ್ದರೆ ಮಾತು ಬೇರೆ.

"ರಿಪೇರಿಗೆ ರೊಕ್ಕ ಹಾಕಿದವ ನಾನು" ಅಂತಾನೆ ಅಣ್ಣ. ಖರೆ. ಆ ಖರ್ಚಿನ ಲೆಕ್ಕ ಕೂತು ಮಾತಾಡಬೇಕು. ಅದರಿಂದ ತಂಗಿಯ ಪಾಲು ಅಳಿಯುವುದಿಲ್ಲ.

ಈಗ ನಮಗೆ ಓದು ಬರುತ್ತದೆ. ಕಾಗದದ ತಲೆಬರಹ ಓದೋಣ. "ಖರೀದಿ ಪತ್ರ" ಎಂದಿದ್ದರೆ ಮನೆ ಮಾರುವ ಕಾಗದ. ನಮ್ಮ ಪಾಲಿನ ಹಣ ಎಷ್ಟು, ಹೇಗೆ ಕೊಡುತ್ತಾರೆ, ಕೇಳಬೇಕು. "ಹಕ್ಕು ಬಿಡುಗಡೆ ಪತ್ರ" ಎಂದಿದ್ದರೆ ಪಾಲು ಬಿಟ್ಟುಕೊಟ್ಟ ಕಾಗದ. ಈ ಎರಡೂ ಹೆಸರನ್ನು ಪಾಟಿಯ ಮೇಲೆ ಮೂರು ಸಲ ಬರೆಯಿರಿ.