ಪತ್ರವನ್ನು ಪತ್ರದಂತೆ ಓದು

ಮಗು,

ಸತ್ಯವೇದ ತೆರೆದರೆ ಈಚೆಗೆ ಸಮಾಧಾನಕ್ಕಿಂತ ಹೆದರಿಕೆಯೇ ಹೆಚ್ಚಾಗುತ್ತಿದೆ ಎಂದು ಬರೆದಿದ್ದೀ. ಬೆಳಿಗ್ಗೆ ಎದ್ದರೆ ಫೋನಿಗೊಂದು ವಚನ ಬಂದಿರುತ್ತದೆ. ಅದು ಆಶೀರ್ವಾದದ್ದಾದರೆ ದಿನವೆಲ್ಲ ಹಗುರ, ಎಚ್ಚರಿಕೆಯದ್ದಾದರೆ ರಾತ್ರಿಯವರೆಗೂ ಎದೆ ಭಾರ. ಹಾಸ್ಟೆಲಿನ ಪ್ರಾರ್ಥನಾ ಗುಂಪಿನಲ್ಲಿ ಒಬ್ಬರು ಕಿವಿಯೋಲೆ ತೆಗೆದಿಡು ಎನ್ನುತ್ತಾರೆ. ಇನ್ನೊಬ್ಬರು ಉಪವಾಸ ತಪ್ಪಿಸಿದ್ದಕ್ಕೇ ನಿನಗೆ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂತು ಎನ್ನುತ್ತಾರೆ. ಕ್ರಿಸ್ತನಲ್ಲಿ ಬಿಡುಗಡೆ ಸಿಕ್ಕಿತೆಂದು ಭಾನುವಾರ ಭಾನುವಾರ ಹಾಡುತ್ತೇವಲ್ಲ, ಆ ಬಿಡುಗಡೆ ಎಲ್ಲಿದೆ ಎಂದು ಕೇಳಿದ್ದೀ.

ಕೇಳಿದ್ದು ಒಳ್ಳೆಯದಾಯಿತು. ಎಷ್ಟೋ ಜನ ಈ ಪ್ರಶ್ನೆಯನ್ನು ಒಳಗೇ ನುಂಗಿಕೊಂಡು, ಕೊನೆಗೆ ಒಂದೋ ಭಯದಲ್ಲೇ ಬದುಕುತ್ತಾರೆ, ಇಲ್ಲವೇ ದೇವಾಲಯದ ಕಡೆ ತಲೆ ಹಾಕುವುದನ್ನೇ ಬಿಡುತ್ತಾರೆ. ನಾನು ಹೇಳುವುದು ಒಂದೇ ಒಂದು ಕೆಲಸ. ಬರುವ ಭಾನುವಾರ ಆರಾಧನೆ ಮುಗಿಸಿ ಬಂದ ಮೇಲೆ ಫೋನು ದೂರವಿಡು. ಪೌಲನು ಗಲಾತ್ಯದವರಿಗೆ ಬರೆದ ಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ, ಕೂತಲ್ಲಿಂದ ಏಳದೆ, ಗಟ್ಟಿಯಾಗಿ ಓದು. ಆರೇ ಅಧ್ಯಾಯ, ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.

ನಿನ್ನ ಅಮ್ಮ ನಾಲ್ಕು ಪುಟದ ಪತ್ರ ಬರೆದರೆ ನೀನು ಅದರಿಂದ ದಿನಕ್ಕೊಂದು ಸಾಲನ್ನು ಕತ್ತರಿಸಿ ಓದುತ್ತೀಯಾ? ಹಾಗೆ ಓದಿದರೆ ಸೋಮವಾರ ಅಮ್ಮ ಮುದ್ದು ಮಾಡುತ್ತಿದ್ದಾಳೆ ಅನ್ನಿಸುತ್ತದೆ, ಮಂಗಳವಾರ ಮನೆಯಿಂದ ಹೊರಗೆ ಹಾಕುತ್ತಿದ್ದಾಳೆ ಅನ್ನಿಸುತ್ತದೆ. ಅವಳು ಯಾಕೆ ಗದರಿದಳು, ಗದರಿ ಎಲ್ಲಿಗೆ ಬಂದು ನಿಂತಳು ಎಂಬುದು ಪೂರ್ತಿ ಪತ್ರದಲ್ಲಿ ಮಾತ್ರ ಸಿಗುತ್ತದೆ. ಪೌಲ ಬರೆದದ್ದೂ ಪತ್ರವೇ. ಅವನು ಅಧ್ಯಾಯ ಹಾಕಲಿಲ್ಲ, ವಚನಕ್ಕೆ ನಂಬರು ಕೊಡಲಿಲ್ಲ. ಈಗ ನಾವು ಬಳಸುವ ಅಧ್ಯಾಯಗಳು 13ನೇ ಶತಮಾನದವು. ಹೊಸ ಒಡಂಬಡಿಕೆಯ ವಚನಗಳಿಗೆ ಸಂಖ್ಯೆ ಹಾಕಿ ಮುದ್ರಿಸಿದವನು ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕ, 1551ರಲ್ಲಿ. ಹುಡುಕುವುದಕ್ಕೆ ಅದು ಬಹಳ ಅನುಕೂಲ, ನಾನೂ ಅದನ್ನೇ ಬಳಸುತ್ತೇನೆ. ಆದರೆ ಹುಡುಕುವುದಕ್ಕೆ ಹಾಕಿದ ಗುರುತನ್ನು ಕತ್ತರಿಸುವುದಕ್ಕೆ ಹಾಕಿದ ಗೆರೆ ಎಂದುಕೊಂಡಾಗ ತೊಂದರೆ ಶುರುವಾಗುತ್ತದೆ.

ಹೊಸ ವರ್ಷದ ರಾತ್ರಿ ನಮ್ಮ ಸಭೆಗಳಲ್ಲಿ ಹಂಚುವ ವಾಗ್ದಾನದ ಕಾರ್ಡುಗಳನ್ನೇ ನೋಡು. ಯೆರೆಮೀಯನ 29ನೇ ಅಧ್ಯಾಯದ 11ನೇ ವಚನ ಯಾರಿಗಾದರೂ ಬಂದೇ ಬರುತ್ತದೆ, ದೇವರು ನಮ್ಮ ವಿಷಯದಲ್ಲಿ ಒಳ್ಳೆಯದನ್ನೇ ಯೋಚಿಸಿದ್ದಾನೆ ಎಂಬುದು. ಅದರ ಹಿಂದಿನ ವಚನವನ್ನು ಕಾರ್ಡಿನಲ್ಲಿ ಹಾಕುವುದಿಲ್ಲ. ಅಲ್ಲಿ 70 ವರ್ಷ ಎಂದಿದೆ. ಅದೂ ಒಂದು ಪತ್ರವೇ, ಬಾಬಿಲೋನಿಗೆ ಸೆರೆಯಾಗಿ ಹೋದವರಿಗೆ ಪ್ರವಾದಿ ಯೆರೂಸಲೇಮಿನಿಂದ ಬರೆದದ್ದು. ಈಗಲೇ ವಾಪಸು ಬರುತ್ತೀರಿ ಎಂದು ಹೇಳುವ ಪ್ರವಾದಿಗಳನ್ನು ನಂಬಬೇಡಿ, ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ಆ ಪರರ ಪಟ್ಟಣದ ಒಳಿತಿಗಾಗಿಯೂ ಪ್ರಾರ್ಥಿಸಿ ಎಂದು ಅದರಲ್ಲಿದೆ. ಪೂರ್ತಿ ಓದಿದವರಿಗೆ ಆ ವಾಗ್ದಾನ ಸಣ್ಣದಾಗುವುದಿಲ್ಲ, ಇನ್ನೂ ದೊಡ್ಡದಾಗುತ್ತದೆ. ಕಷ್ಟ ಈ ಡಿಸೆಂಬರಿಗೆ ಮುಗಿಯದಿದ್ದರೂ ದೇವರು ಕೈಬಿಟ್ಟಿಲ್ಲ ಎಂಬ ಧೈರ್ಯ ಕಾರ್ಡಿನಲ್ಲಿಲ್ಲ, ಪತ್ರದಲ್ಲಿದೆ.

ಒಂಟಿ ವಚನ ಮನುಷ್ಯನನ್ನು ಎಷ್ಟು ಹಿಂಡಬಲ್ಲದು ಎಂಬುದನ್ನು ಜಾನ್ ಬನ್ಯನ್ ಬರೆದಿಟ್ಟಿದ್ದಾನೆ. ಅವನ ಒಂದು ಪುಸ್ತಕ 'ಯಾತ್ರಿಕನ ಸಂಚಾರ' ಎಂಬ ಹೆಸರಿನಲ್ಲಿ 19ನೇ ಶತಮಾನದಲ್ಲೇ ಕನ್ನಡಕ್ಕೆ ಬಂದಿದೆ. ಇಂಗ್ಲೆಂಡಿನ ಬೆಡ್‌ಫರ್ಡ್ ಪಕ್ಕದ ಹಳ್ಳಿಯವನು, ಊರೂರು ತಿರುಗಿ ಪಾತ್ರೆ ರಿಪೇರಿ ಮಾಡುವ ಕಸುಬಿನವನು. ಇಬ್ರಿಯರಿಗೆ ಬರೆದ ಪತ್ರಿಕೆಯಲ್ಲಿ ಏಸಾವನು ಜ್ಯೇಷ್ಠತನದ ಹಕ್ಕನ್ನು ಮಾರಿಕೊಂಡು ಆಮೇಲೆ ಕಣ್ಣೀರಿಟ್ಟರೂ ಅದು ಸಿಗಲಿಲ್ಲ ಎಂಬ ಮಾತಿದೆಯಲ್ಲ, ಆ ಒಂದು ಮಾತು ಅವನನ್ನು ವರ್ಷಗಟ್ಟಲೆ ಕಾಡಿತು. ತಾನೂ ಕ್ರಿಸ್ತನನ್ನು ಮಾರಿಕೊಂಡಿದ್ದೇನೆ, ತನಗಿನ್ನು ಕ್ಷಮೆಯಿಲ್ಲ ಎಂದು ಅವನು ನಂಬಿಬಿಟ್ಟಿದ್ದ. ಆ ಕಾಟ ಶುರುವಾಗುವ ಸ್ವಲ್ಪ ಮೊದಲು, ಮನಸ್ಸು ಕಲಕಿದ್ದ ದಿನಗಳಲ್ಲೇ, ಅವನ ಕೈಗೆ ಒಂದು ಹಳೆಯ ಪುಸ್ತಕ ಸಿಕ್ಕಿತ್ತು, ಪುಟ ಮಗುಚಿದರೆ ಹರಿದು ಬರುವಷ್ಟು ಹಳೆಯದು. ಮಾರ್ಟಿನ್ ಲೂಥರ್ ಗಲಾತ್ಯ ಪತ್ರಿಕೆಗೆ ಬರೆದ ವ್ಯಾಖ್ಯಾನ ಅದು. ತನ್ನ ಎದೆಯನ್ನೇ ನೋಡಿ ಬರೆದಂತಿದೆ ಎಂದು ಅವನಿಗೆ ಅನ್ನಿಸಿತು. ಗಾಯಗೊಂಡ ಮನಸ್ಸಾಕ್ಷಿಗೆ ಸತ್ಯವೇದ ಬಿಟ್ಟರೆ ಇದಕ್ಕಿಂತ ಒಳ್ಳೆಯ ಪುಸ್ತಕವನ್ನು ತಾನು ಕಂಡಿಲ್ಲ ಎಂದು 1666ರಲ್ಲಿ ಅಚ್ಚಾದ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡ. ಆಗ ಅವನು ಸುವಾರ್ತೆ ಸಾರಿದ್ದಕ್ಕೆ ಜೈಲಿನಲ್ಲಿದ್ದ. ನಿನ್ನ ಹೆದರಿಕೆ ನಿನಗೊಬ್ಬಳಿಗೇ ಬಂದದ್ದಲ್ಲ ಎಂದು ತಿಳಿಯಲೆಂದೇ ಇವನ ಕಥೆ ಹೇಳಿದೆ.

ಈಗ ಆ ಪತ್ರಕ್ಕೆ ಬಾ. ಗಲಾತ್ಯವೆಂದರೆ ಇಂದಿನ ಟರ್ಕಿಯ ನಡುಭಾಗದ ಸೀಮೆ. ಅಲ್ಲಿನ ಸಭೆಯವರು ಯೆಹೂದ್ಯರಲ್ಲದವರು, ಪೌಲನ ಬಾಯಿಂದ ಸುವಾರ್ತೆ ಕೇಳಿ ನಂಬಿದವರು. ಅವನು ಹೋದ ಮೇಲೆ ಬೇರೆ ಬೋಧಕರು ಬಂದು, ಕ್ರಿಸ್ತನನ್ನು ನಂಬಿದ್ದು ಸರಿ, ಅಷ್ಟೇ ಸಾಲದು, ಸುನ್ನತಿಯೂ ಆಗಬೇಕು, ಮೋಶೆಯ ನೇಮಗಳನ್ನೂ ಪಾಲಿಸಬೇಕು ಎಂದರು. ಕ್ರಿಸ್ತನನ್ನು ಬಿಡಿ ಎಂದು ಅವರು ಹೇಳಲಿಲ್ಲ, ಇದನ್ನು ಗಮನಿಸು. ಕ್ರಿಸ್ತನ ಜೊತೆಗೆ ಇನ್ನೊಂದನ್ನು ಸೇರಿಸಿದರು, ಅಷ್ಟೇ. ಪೌಲ ಬೇರೆ ಸಭೆಗಳಿಗೆ ಬರೆಯುವಾಗ ಮೊದಲು ಅವರಿಗಾಗಿ ದೇವರಿಗೆ ಸ್ತೋತ್ರ ಹೇಳಿಯೇ ಮುಂದಕ್ಕೆ ಹೋಗುವವನು. ಇಲ್ಲಿ ಸ್ತೋತ್ರವಿಲ್ಲ. ವಂದನೆ ಮುಗಿಯುತ್ತಲೇ, ಇಷ್ಟು ಬೇಗ ಹೇಗೆ ತಿರುಗಿದಿರಿ ಎಂದು ಕೇಳುತ್ತಾನೆ. ಗಟ್ಟಿಯಾಗಿ ಓದು ಎಂದದ್ದು ಇದಕ್ಕೇ. ಆ ಸಿಟ್ಟು ಕಿವಿಗೆ ಬೀಳಬೇಕು, ಆ ಸಿಟ್ಟಿನೊಳಗಿನ ಪ್ರೀತಿಯೂ ಬೀಳಬೇಕು. ನಾಲ್ಕನೆಯ ಅಧ್ಯಾಯಕ್ಕೆ ಬರುವಾಗ ಅವನೇ, ನಿಮಗೋಸ್ಕರ ಮತ್ತೊಮ್ಮೆ ಹೆರಿಗೆಯ ನೋವು ತಿನ್ನುತ್ತಿದ್ದೇನೆ ಎಂಬ ಅರ್ಥದ ಮಾತಾಡುತ್ತಾನೆ.

ಎರಡನೆಯ ಅಧ್ಯಾಯದಲ್ಲಿ ಸ್ವಲ್ಪ ನಿಲ್ಲು. ನಿಂತು ಓದಬೇಕಾದದ್ದು ಅಲ್ಲಿದೆ. ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಜನರ ಜೊತೆ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದ. ಯೆರೂಸಲೇಮಿನಿಂದ ಯಾಕೋಬನ ಕಡೆಯವರು ಕೆಲವರು ಬಂದರು. ಪೇತ್ರ ಮೆಲ್ಲಗೆ ಹಿಂದೆ ಸರಿದ. ಅವನನ್ನು ನೋಡಿ ಉಳಿದ ಯೆಹೂದ್ಯರೂ ಸರಿದರು, ಕೊನೆಗೆ ಬಾರ್ನಬನೂ ಸರಿದ. ಪೇತ್ರನಿಗೆ ಸುವಾರ್ತೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಅವನಿಗೆ ಇದ್ದದ್ದು ಜನ ಏನೆನ್ನುತ್ತಾರೋ ಎಂಬ ಭಯ. ಪೌಲ ಎಲ್ಲರೆದುರಿಗೆ ಅವನನ್ನು ಎದುರಿಸಿದ. ಮನುಷ್ಯ ನೇಮಪಾಲನೆಯಿಂದಲ್ಲ, ಕ್ರಿಸ್ತನ ಮೇಲಣ ನಂಬಿಕೆಯಿಂದಲೇ ದೇವರ ಮುಂದೆ ನೀತಿವಂತನಾಗುತ್ತಾನೆ ಎಂಬ ದೊಡ್ಡ ಬೋಧನೆ ಈ ಪತ್ರದಲ್ಲಿ ಮೊದಲು ಬರುವುದು ಈ ಜಗಳದ ಜಾಗದಲ್ಲಿ. ಯಾರು ಯಾರ ಜೊತೆ ಕೂತು ಉಣ್ಣಬಹುದು ಎಂಬ ತಂಟೆಯಲ್ಲಿ ಹುಟ್ಟಿದ ಮಾತು ಅದು.

ಇದು ನಮಗೆ ಅರ್ಥವಾದಷ್ಟು ಬೇರೆ ದೇಶದವರಿಗೆ ಅರ್ಥವಾಗಲಿಕ್ಕಿಲ್ಲ. ಪಂಕ್ತಿ ಎಂದರೇನು, ಪಂಕ್ತಿಯಿಂದ ಏಳುವುದೆಂದರೇನು ಎಂದು ನಮ್ಮ ನಾಡಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಸಭೆಯೊಳಗೆ ಜಾತಿಗೆ ಜಾಗವಿಲ್ಲ ಎಂದು ಪಟ್ಟುಹಿಡಿದರು. ಬಿಲ್ಲವರು ಬಂದರು, ಹೊಲೆಯರು ಬಂದರು. 1844ರಲ್ಲಿ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯರು ದೀಕ್ಷಾಸ್ನಾನ ಪಡೆದು, ಮುಂದೆ ಬಾಸೆಲಿಗೆ ಹೋಗಿ ಓದಿ ಬಂದು ಸಭಾಸೇವೆ ಮಾಡಿದರು. ಅವರೆಲ್ಲರಿಗೂ ಒಂದೇ ರೊಟ್ಟಿ, ಒಂದೇ ಪಾತ್ರೆ. ಅಷ್ಟು ಕಷ್ಟಪಟ್ಟು ಗಳಿಸಿದ್ದನ್ನು ನಾವು ಉಳಿಸಿಕೊಂಡಿದ್ದೇವೆಯೇ? ಕರ್ತನ ಭೋಜನಕ್ಕೆ ಒಟ್ಟಿಗೆ ಮಂಡಿಯೂರುವವರೇ ಮಕ್ಕಳ ಸಂಬಂಧ ನೋಡುವಾಗ, ಅವರ ಅಜ್ಜನ ಕಾಲದಲ್ಲಿ ಅವರು ಯಾರಾಗಿದ್ದರು ಎಂದು ದನಿ ತಗ್ಗಿಸಿ ಕೇಳುತ್ತಾರೆ. ಇದು ನನಗೆ ಬಹಳ ನೋವು ಕೊಡುವ ಸಂಗತಿ. ಅಂತಿಯೋಕ್ಯದ ಪಂಕ್ತಿಯಿಂದ ಎದ್ದವರು ನಾವೇ. ನಿನ್ನ ತಲೆಮಾರು ಹಾಗೆ ಏಳಬಾರದು. ನಿನ್ನ ಮದುವೆಯ ಮಾತು ಬಂದಾಗ ಯಾರಾದರೂ ಆ ಪ್ರಶ್ನೆ ಕೇಳಿದರೆ, ನನ್ನ ಹೆಸರನ್ನೇ ಹೇಳಿ ಎದುರು ಮಾತಾಡು.

ಇಷ್ಟು ಓದಿದ ಮೇಲೆ ನಿನ್ನ ಕಿವಿಯೋಲೆಯ ವಿಷಯ ನಿನಗೇ ತಿಳಿಯುತ್ತದೆ. ಅದನ್ನು ಹಾಕಿಕೊಂಡರೂ, ತೆಗೆದಿಟ್ಟರೂ ದೇವರ ಮುಂದೆ ನಿನ್ನ ಸ್ಥಾನ ಒಂದು ಕೂದಲಿನಷ್ಟೂ ಬದಲಾಗುವುದಿಲ್ಲ. ಮನಸ್ಸಿನಿಂದ ಸರಳವಾಗಿರಬೇಕೆನ್ನಿಸಿದರೆ ತೆಗೆದಿಡು, ಒಳ್ಳೆಯದೇ. ಹೆದರಿ ತೆಗೆದಿಡಬೇಡ. ಉಪವಾಸವೂ ಹಾಗೆಯೇ. ಉಪವಾಸ ಮಾಡಿ ಪ್ರಾರ್ಥಿಸುವುದು ನಮ್ಮ ಹಿರಿಯರಿಂದ ಬಂದ ಒಳ್ಳೆಯ ಅಭ್ಯಾಸ, ಆದರೆ ಅದು ಅಂಕ ಕೊಂಡುಕೊಳ್ಳುವ ಹಣವಲ್ಲ. ಪರೀಕ್ಷೆಗೆ ಓದಬೇಕಾದದ್ದು ಓದಿಯೇ ತೀರಬೇಕು. ಧರ್ಮಶಾಸ್ತ್ರ ಕೆಟ್ಟದ್ದೆಂದು ಪೌಲ ಎಲ್ಲಿಯೂ ಹೇಳಲಿಲ್ಲ. ಆ ಕಾಲದ ಉಳ್ಳವರ ಮನೆಗಳಲ್ಲಿ ಹುಡುಗನನ್ನು ಶಾಲೆಗೆ ಕರೆದೊಯ್ಯಲು, ನಡತೆ ನೋಡಿಕೊಳ್ಳಲು ಒಬ್ಬ ಆಳು ಇರುತ್ತಿದ್ದ. ಧರ್ಮಶಾಸ್ತ್ರ ಆ ಆಳಿನಂತಿತ್ತು ಎನ್ನುತ್ತಾನೆ ಪೌಲ. ಹುಡುಗ ಬೆಳೆದು ಮನೆಯ ಹಕ್ಕುದಾರನಾದ ಮೇಲೆ ಆಳಿನ ಕಣ್ಸನ್ನೆಗೆ ಹೆದರಿ ನಡೆಯುವುದಿಲ್ಲ, ಅಪ್ಪಾ ಎಂದು ನೇರವಾಗಿ ತಂದೆಯ ಬಳಿಗೆ ಹೋಗುತ್ತಾನೆ. ನೀನು ಸತ್ಯವೇದ ತೆರೆಯುವಾಗ ಈ ಎರಡರಲ್ಲಿ ಯಾರಂತೆ ತೆರೆಯುತ್ತೀ ಎಂದು ನಿನ್ನನ್ನೇ ಕೇಳಿಕೋ. ಮಗಳಾಗಿ ಕೂತು ಓದಿದರೆ ಎಚ್ಚರಿಕೆಯ ವಚನಗಳೂ ಬೇರೆ ರೀತಿಯಲ್ಲಿ ಕೇಳಿಸುತ್ತವೆ. ತಂದೆ ಗದರಿದರೂ ಅವನು ತಂದೆಯೇ.

ಇನ್ನೊಂದು ಮಾತೂ ಇದೆ, ಅದನ್ನು ಬಿಟ್ಟರೆ ಪೌಲನಿಗೆ ಅನ್ಯಾಯ ಮಾಡಿದಂತೆ. ಬಿಡುಗಡೆ ಸಿಕ್ಕಿತು ಎಂದು ಮನಸ್ಸಿಗೆ ಬಂದಂತೆ ನಡೆಯುವವರನ್ನೂ ನೀನು ಓದುತ್ತಿರುವ ಊರಿನಲ್ಲಿ ನೋಡುತ್ತೀ. ಕೃಪೆ ಇದೆಯಲ್ಲ ಎಂದು ಸುಳ್ಳು ಹೇಳುವುದು, ಸಾಲ ತೀರಿಸದಿರುವುದು, ಒಬ್ಬರ ಮನಸ್ಸು ಮುರಿದು ಮುಂದೆ ಹೋಗುವುದು. ಐದನೆಯ ಅಧ್ಯಾಯದಲ್ಲಿ ಪೌಲ ಬಿಡುಗಡೆಯಲ್ಲಿ ಗಟ್ಟಿಯಾಗಿ ನಿಲ್ಲಿರಿ ಎಂದು ಹೇಳಿದ ಸ್ವಲ್ಪದರಲ್ಲೇ, ಆ ಬಿಡುಗಡೆಯಿಂದಲೇ ಒಬ್ಬರಿಗೊಬ್ಬರು ಪ್ರೀತಿಯಿಂದ ಸೇವೆ ಮಾಡಬೇಕೆಂದೂ ಹೇಳುತ್ತಾನೆ. ಭಯದಿಂದ ಬಿಡಿಸಿಕೊಂಡ ಕೈಗೆ ಈಗ ಬೇರೆ ಕೆಲಸ ಬಂತು. ನಿನ್ನ ಹಾಸ್ಟೆಲಿನಲ್ಲಿ ಜ್ವರ ಬಂದು ಮಲಗಿದ ಹುಡುಗಿಗೆ ಗಂಜಿ ತಂದುಕೊಡುವುದೂ ಆ ಅಧ್ಯಾಯದ ಅರ್ಥದೊಳಗೇ ಬರುತ್ತದೆ. ಅವಳು ಯಾವ ಸಭೆಯವಳು, ಯಾವ ಧರ್ಮದವಳು ಎಂದು ಕೇಳಬೇಕಾಗಿಲ್ಲ.

ಯಾರಾದರೂ ಬಂದು, ನಿನ್ನ ವಿಷಯ ದೇವರು ನನಗೆ ತೋರಿಸಿಕೊಟ್ಟಿದ್ದಾನೆ ಎಂದರೆ ಗಾಬರಿಯಾಗಬೇಡ, ಅವಮಾನವೂ ಮಾಡಬೇಡ. ಎಲ್ಲಿ ಬರೆದಿದೆ ಎಂದು ವಿನಯದಿಂದ ಕೇಳು, ಕೇಳಿದ ಮೇಲೆ ಆ ವಚನದ ಹಿಂದಿನ ಪುಟ, ಮುಂದಿನ ಪುಟ ಓದು. ಬೆರೋಯದವರು ಪೌಲನ ಮಾತನ್ನೇ ದಿನಾಲೂ ಗ್ರಂಥದ ಜೊತೆ ಹೋಲಿಸಿ ನೋಡುತ್ತಿದ್ದರು, ಅದಕ್ಕಾಗಿ ಅಪೊಸ್ತಲರ ಕೃತ್ಯಗಳಲ್ಲಿ ಅವರಿಗೆ ಹೊಗಳಿಕೆಯೇ ಸಿಕ್ಕಿದೆ. ಸುಮ್ಮನೆ ಒಬ್ಬಳೇ ಓದು ಎಂದೂ ನಾನು ಹೇಳುತ್ತಿಲ್ಲ. ಐಥಿಯೋಪ್ಯದ ಕಂಚುಕಿ ರಥದಲ್ಲಿ ಕೂತು ಯೆಶಾಯನ ಗ್ರಂಥ ಓದುತ್ತಿದ್ದ, ಓದು ಬರುತ್ತಿತ್ತು, ಅರ್ಥವಾಗುತ್ತಿರಲಿಲ್ಲ. ಫಿಲಿಪ್ಪ ಪಕ್ಕದಲ್ಲಿ ಹತ್ತಿ ಕೂತು, ಓದುತ್ತಿದ್ದ ಆ ಭಾಗದಿಂದಲೇ ಶುರುಮಾಡಿ ಯೇಸುವಿನ ವಿಷಯ ತಿಳಿಸಿದ. ನಿನಗೂ ಒಬ್ಬ ಫಿಲಿಪ್ಪ ಬೇಕು. ಸಭಾಪಾಲಕರಾಗಬಹುದು, ನಿನ್ನ ಹಾಗೆಯೇ ಪ್ರಶ್ನೆ ಇಟ್ಟುಕೊಂಡ ಗೆಳತಿಯಾಗಬಹುದು. ಹೆದರಿಸಿ ಕಟ್ಟಿಹಾಕುವವರಾಗದಿದ್ದರೆ ಸಾಕು.

ಓದುವಾಗ ಕನ್ನಡದ ಸತ್ಯವೇದವನ್ನೇ ಇಟ್ಟುಕೋ. ಕಾಲೇಜಿನಲ್ಲಿ ಎಲ್ಲ ಇಂಗ್ಲಿಷಿನಲ್ಲೇ ನಡೆಯುತ್ತದೆ ಎಂದು ಗೊತ್ತು. ಆದರೆ ನೀನು ಅಳುವುದು, ಪ್ರಾರ್ಥಿಸುವುದು ಕನ್ನಡದಲ್ಲಿ. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಕನ್ನಡ ಕಲಿತು ಅನುವಾದಕ್ಕೆ ಕೂತರು, ಪೂರ್ತಿ ಸತ್ಯವೇದ ಕನ್ನಡದಲ್ಲಿ ಬರುವಾಗ 1831 ಆಗಿತ್ತು. ಆಮೇಲೆ ಬಾಸೆಲ್ ಮಿಶನ್ನಿನ ವೈಗ್ಲೆಯವರು ಮತ್ತು ಇತರರು ಅದನ್ನು ತಿದ್ದಿದರು. ನಮ್ಮ ಅಜ್ಜಿಯಂದಿರಲ್ಲಿ ಎಷ್ಟೋ ಜನ ಅಕ್ಷರ ಕಲಿತದ್ದೇ ಇದನ್ನು ಓದಲಿಕ್ಕೆ.

ಕೊನೆಯ ಅಧ್ಯಾಯಕ್ಕೆ ಬಂದಾಗ ಅಲ್ಲಿ ನಿನಗೊಂದು ಕೆಲಸ ಇಟ್ಟಿದ್ದೇನೆ. ಎರಡನೆಯ ವಚನದಲ್ಲಿ ಒಬ್ಬರ ಹೊರೆಯನ್ನು ಇನ್ನೊಬ್ಬರು ಹೊರಬೇಕು ಎಂದಿದೆ. ಐದನೆಯದರಲ್ಲಿ ಪ್ರತಿಯೊಬ್ಬರೂ ತಮ್ಮ ಹೊರೆಯನ್ನು ತಾವೇ ಹೊತ್ತುಕೊಳ್ಳಬೇಕು ಎಂದಿದೆ. ಎರಡನ್ನೂ ಬರೆದವನು ಒಬ್ಬನೇ, ನಡುವೆ ಇರುವುದು ಎರಡೇ ವಚನ. ಹಿಂದಿನ ಐದು ಅಧ್ಯಾಯಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬಿಡಿಸು. ವ್ಯಾಖ್ಯಾನದ ಪುಸ್ತಕವನ್ನು ಮೊದಲೇ ತೆರೆಯಬೇಡ, ಗುಂಪಿನಲ್ಲಿ ಯಾರನ್ನಾದರೂ ಜೊತೆಗೆ ಕೂರಿಸಿಕೋ. ನಿನಗೆ ತಿಳಿದದ್ದನ್ನು ಬರೆದು ಕಳಿಸು. ನನಗೆ ತಿಳಿದದ್ದನ್ನು ಆಮೇಲೆ ಹೇಳುತ್ತೇನೆ.