ಜಾತ್ರೆಯ ಯೋಜನೆ: ಮೊದಲು ದಾರಿಯ ಅಗಲವನ್ನು ಅಳೆಯೋಣ



ನಮ್ಮ ಜಿಲ್ಲೆಯ ಜಾತ್ರೆಗಳ ಪೂರ್ವಸಿದ್ಧತಾ ಸಭೆಗಳಲ್ಲಿ ಪೆಂಡಾಲು, ದೀಪಾಲಂಕಾರಗಳ ಚರ್ಚೆಯೇ ಅಧಿಕ. ಜನರು ಹೊರಹೋಗುವ ದಾರಿಯ ಅಗಲವೆಷ್ಟೆಂದು ಕೇಳುವವರು ವಿರಳ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ 11 ಜನರು ಮೃತಪಟ್ಟದ್ದು ತಮಗೆ ತಿಳಿದೇ ಇದೆ.

ತೇರಿನ ಬಯಲಿನ ವಿಸ್ತೀರ್ಣವನ್ನು ಮೊಬೈಲಿನ ಉಪಗ್ರಹ ನಕ್ಷೆಯಲ್ಲಿಯೇ ಅಳೆಯಬಹುದು. ದಾರಿಯ ಅಗಲವನ್ನು ಮಾತ್ರ ಟೇಪು ಹಿಡಿದೇ ಅಳೆಯಬೇಕು, ಅದೂ ಅಂಗಡಿಗಳಿಗೆ ಬಿಟ್ಟು ಉಳಿಯುವಷ್ಟನ್ನು. ನಕ್ಷೆಯಲ್ಲಿ ಬಳೆ ಅಂಗಡಿ ಕಾಣುವುದಿಲ್ಲ. ಬ್ರಿಟನ್ನಿನ ಕ್ರೀಡಾಂಗಣ ಸುರಕ್ಷತಾ ಕೈಪಿಡಿಯ ಪ್ರಕಾರ ಸಮತಟ್ಟಾದ ದಾರಿಯ ಪ್ರತಿ ಮೀಟರ್ ಅಗಲಕ್ಕೆ ನಿಮಿಷಕ್ಕೆ ಗರಿಷ್ಠ 82 ಜನರು ಸಾಗಬಲ್ಲರು. ಅಂದರೆ 3 ಮೀಟರ್ ದಾರಿಯಲ್ಲಿ 246 ಜನರು. 5,000 ಜನರು ಹೊರಬರಲು 20 ನಿಮಿಷಕ್ಕೂ ಮಿಕ್ಕಿ ಬೇಕು. ಮಕ್ಕಳು, ವೃದ್ಧರು ಹೆಚ್ಚಿದ್ದಲ್ಲಿ ಇನ್ನೂ ತಡ.

ಈ ಲೆಕ್ಕವಿದ್ದರೆ ಎರಡನೆಯ ದಾರಿ ತೆರೆಯುವ, ಅಂಗಡಿ ಸಾಲನ್ನು ಹಿಂದೆ ಸರಿಸುವ ಮಾತನ್ನು ಜಾತ್ರಾ ಸಮಿತಿಯ ಹಿರಿಯರ ಮುಂದಿಡುವುದು ಸುಲಭ. ಆದಾಯ ತಗ್ಗೀತೆಂಬ ಆಕ್ಷೇಪ ಬಂದೇ ಬರುತ್ತದೆ. ಆದ್ದರಿಂದ ಅಂಗಡಿ ಜಾಗದ ಹರಾಜಿಗೆ ಮುನ್ನವೇ ನಿರ್ಣಯವನ್ನು ನಡಾವಳಿಯಲ್ಲಿ ದಾಖಲಿಸುವುದು ಸೂಕ್ತ.

ತೇರಿನ ಎತ್ತರವನ್ನು ಹೆಸ್ಕಾಂಗೆ ಲಿಖಿತವಾಗಿ ತಿಳಿಸಿ, ತೇರು ಸಾಗುವ ವೇಳೆ ವಿದ್ಯುತ್ ನಿಲುಗಡೆ ಕೋರಬೇಕು. ಕುಡಿಯುವ ನೀರು ಹಾಗೂ 108 ವಾಹನ ಇರುವ ಸ್ಥಳಗಳ ನಕ್ಷೆಯನ್ನು ಸ್ವಯಂಸೇವಕರಿಗೆ ಹಿಂದಿನ ದಿನವೇ ವಾಟ್ಸಾಪ್‌ನಲ್ಲಿ ಕಳುಹಿಸಿರಿ. ಜನ ಸೇರಿದ ಮೇಲೆ ನೆಟ್‌ವರ್ಕ್ ಸಿಗುವ ಭರವಸೆಯಿಲ್ಲ.